ಎಣಿಕೆ ಬೇರೆ, ಪಟ್ಟಿ ಬೇರೆ: ಜನಗಣತಿಯ ಕಾಲದಲ್ಲಿ ಜೈನ ಸಮಾಜದ ಮಾಹಿತಿ ಯಾರ ಕೈಯಲ್ಲಿದೆ?

2027ರ ಜನಗಣತಿ ದೇಶದ ಮೊದಲ ಡಿಜಿಟಲ್ ಜನಗಣತಿ. ಗಣತಿದಾರರು ಕಾಗದದ ನಮೂನೆಯ ಬದಲು ಮೊಬೈಲ್ ಆ್ಯಪ್‌ನಲ್ಲಿ ಉತ್ತರ ದಾಖಲಿಸುತ್ತಾರೆ. ಬೇಕೆನಿಸಿದ ಕುಟುಂಬಗಳು ತಾವೇ ಜಾಲತಾಣದಲ್ಲಿ ವಿವರ ತುಂಬಬಹುದು. ಜಾತಿಯ ವಿವರವನ್ನೂ ಈ ಸಲ ಕೇಳಲಾಗುತ್ತದೆ. ಈ ಹಿನ್ನೆಲೆಯಲ್ಲಿ ಜೈನ ಸಂಘ ಸಂಸ್ಥೆಗಳು ಧರ್ಮದ ಕಾಲಂನಲ್ಲಿ ತಪ್ಪದೇ 'ಜೈನ' ಎಂದು ಬರೆಸಿ ಎಂದು ಸಮಾಜ ಬಾಂಧವರಿಗೆ ಕರೆ ಕೊಡುತ್ತ ಬಂದಿವೆ.

ಕರೆಗೆ ಕಾರಣವಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಜೈನರ ಸಂಖ್ಯೆ 44,51,753, ಅಂದರೆ ಒಟ್ಟು ಜನಸಂಖ್ಯೆಯ ಶೇ 0.37. ಕರ್ನಾಟಕದಲ್ಲಿ 4,40,280, ಶೇ 0.72. ಧರ್ಮದ ಕಾಲಂನಲ್ಲಿ ಬೇರೆ ಹೆಸರು ಬರೆಸಿದ ಕುಟುಂಬಗಳೂ ಇರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು ಎಂಬುದು ಸಮಾಜದಲ್ಲಿ ಹಲವರ ಅಭಿಪ್ರಾಯ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ವಿದ್ಯಾರ್ಥಿವೇತನ, ಶಿಕ್ಷಣ ಸಂಸ್ಥೆಗಳ ಹಕ್ಕು, ಸ್ಮಾರಕಗಳ ರಕ್ಷಣೆ ಎಲ್ಲದರಲ್ಲೂ ಸಂಖ್ಯೆಯ ಮಾತು ಬಂದೇ ಬರುತ್ತದೆ.

ಇದೇ ವರ್ಷಗಳಲ್ಲಿ ಸಮಾಜದೊಳಗೇ ಇನ್ನೊಂದು ಬಗೆಯ ಸಂಗ್ರಹವೂ ಸದ್ದಿಲ್ಲದೆ ಬೆಳೆದಿದೆ. ಕುಟುಂಬ ಪರಿಚಯ ಪುಸ್ತಕಗಳು ಪಿಡಿಎಫ್ ಆಗಿವೆ. ವಧು-ವರರ ವಿವರಗಳು ಗೂಗಲ್ ಫಾರ್ಮ್‌ಗೆ ಸೇರಿವೆ. ಪಂಚಕಲ್ಯಾಣ, ಚಾತುರ್ಮಾಸ, ಶಿಬಿರಗಳ ನೋಂದಣಿ ಆನ್‌ಲೈನ್ ಆಗಿದೆ. ರಕ್ತದಾನಿಗಳ ಪಟ್ಟಿ, ದಾನಿಗಳ ಪಟ್ಟಿ, ಊರೂರಿನ ವಾಟ್ಸ್ಆ್ಯಪ್ ಗುಂಪು ಎಲ್ಲವೂ ಮೊಬೈಲಿನಲ್ಲಿವೆ. ಜನಗಣತಿಯೂ ಮಾಹಿತಿ ಸಂಗ್ರಹ, ಇವೂ ಮಾಹಿತಿ ಸಂಗ್ರಹ. ಆದರೆ ಜನಗಣತಿಯಿಂದ ಹೊರಬರುವುದು ಎಣಿಕೆ. ಸಮಾಜ ತಾನೇ ಜಾಲಕ್ಕೆ ಏರಿಸುತ್ತಿರುವುದು ಪಟ್ಟಿ. ಎಣಿಕೆಯಲ್ಲಿ ಹೆಸರಿಲ್ಲ, ಪಟ್ಟಿಯಲ್ಲಿ ಹೆಸರು, ಮನೆ, ಮೊಬೈಲ್ ಸಂಖ್ಯೆ ಎಲ್ಲವೂ ಇವೆ. ಎಣಿಕೆಗೆ ಕಾನೂನಿನ ಬೀಗ ಉಂಟು. ಪಟ್ಟಿಗೆ ಬಹುಪಾಲು ಬೀಗವೇ ಇಲ್ಲ.

ಜನಗಣತಿಗಿರುವ ರಕ್ಷಣೆ

1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿದಾರರ ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ಸರಿಯಾದ ಉತ್ತರ ಕೊಡುವುದು ಪ್ರಜೆಯ ಕರ್ತವ್ಯ. ಅದಕ್ಕೆ ಪ್ರತಿಯಾಗಿ ಕಾಯ್ದೆಯ 15ನೇ ಕಲಂ ಒಂದು ಭರವಸೆ ಕೊಡುತ್ತದೆ. ಒಬ್ಬ ವ್ಯಕ್ತಿಯ ಗಣತಿ ದಾಖಲೆಯನ್ನು ಹೊರಗಿನವರು ಪರಿಶೀಲಿಸುವಂತಿಲ್ಲ. ಸಾಮಾನ್ಯ ವ್ಯಾಜ್ಯಗಳಲ್ಲಿ ಅದನ್ನು ಸಾಕ್ಷ್ಯವಾಗಿ ತರುವಂತೆಯೂ ಇಲ್ಲ. ಪ್ರಕಟವಾಗುವುದು ಊರು, ತಾಲ್ಲೂಕು, ಜಿಲ್ಲೆಗಳ ಮೊತ್ತ ಮಾತ್ರ.

2025ರ ಸೆಪ್ಟೆಂಬರ್ 22ರಂದು ಆರಂಭವಾದ ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಸ್ವರೂಪ ಬೇರೆ. ಮನೆಗಳ ವಿದ್ಯುತ್ ಮೀಟರ್ ಸಂಖ್ಯೆಯ ಆಧಾರದಲ್ಲಿ ಪ್ರತಿ ಮನೆಗೂ ಗುರುತು ಕೊಟ್ಟು, ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ಆ್ಯಪ್ ಮೂಲಕ ವಿವರ ಪಡೆಯಲಾಯಿತು. ಅದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಕರ್ನಾಟಕ ಹೈಕೋರ್ಟ್ ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಭಾಗವಹಿಸುವುದು ಐಚ್ಛಿಕ, ಯಾರನ್ನೂ ಒತ್ತಾಯಿಸುವಂತಿಲ್ಲ, ಸಂಗ್ರಹಿಸಿದ ವಿವರ ಗೌಪ್ಯವಾಗಿರಬೇಕು ಎಂದು ಮಧ್ಯಂತರ ಆದೇಶದಲ್ಲಿ ಹೇಳಿತು. ಜನಗಣತಿಯಲ್ಲಿ ಉತ್ತರ ಕಡ್ಡಾಯ, ಗೋಪ್ಯತೆ ಶಾಸನದಲ್ಲೇ ಇದೆ. ಈ ಸಮೀಕ್ಷೆಯಲ್ಲಿ ಉತ್ತರ ಐಚ್ಛಿಕ, ಗೋಪ್ಯತೆಗೆ ನ್ಯಾಯಾಲಯದ ಆದೇಶ ಬೇಕಾಯಿತು. ಮನೆ ಬಾಗಿಲಿಗೆ ಬರುವ ಪ್ರತಿ ನಮೂನೆಯೂ ಒಂದೇ ಬಗೆಯದಲ್ಲ ಎಂಬುದು ಇದರಿಂದ ಸ್ಪಷ್ಟ.

ಬೀಗ ಎಷ್ಟು ಗಟ್ಟಿ?

ಶಾಸನದ ಬೀಗವನ್ನು ಶಾಸನವೇ ತೆಗೆದ ಉದಾಹರಣೆ ಅಮೆರಿಕದ ಇತಿಹಾಸದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ನೆಲದ ಸುಮಾರು 1.2 ಲಕ್ಷ ಜಪಾನೀ ಮೂಲದ ಜನರನ್ನು ಶಿಬಿರಗಳಿಗೆ ಅಟ್ಟಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1942ರ ಮಾರ್ಚ್‌ನಲ್ಲಿ ಯುದ್ಧಕಾಲದ ಕಾಯ್ದೆಯೊಂದು ಜನಗಣತಿಯ ಗೋಪ್ಯತೆಯನ್ನು ಸಡಿಲಿಸಿತು. ಯಾವ ನಗರದ ಯಾವ ಬೀದಿಗಳ ನಡುವೆ ಎಷ್ಟು ಜಪಾನೀ ಮೂಲದವರಿದ್ದಾರೆ ಎಂಬ ಕೋಷ್ಟಕಗಳನ್ನು ಗಣತಿ ಇಲಾಖೆ ಸೇನೆಗೆ ಒದಗಿಸಿತ್ತು. ರಾಜಧಾನಿ ವಾಷಿಂಗ್ಟನ್ ಪ್ರದೇಶದ ಕೆಲವರ ಹೆಸರು ವಿಳಾಸಗಳನ್ನೂ 1943ರಲ್ಲಿ ಕೊಡಲಾಗಿತ್ತು ಎಂಬುದಕ್ಕೆ ಸಂಶೋಧಕರು 2007ರಲ್ಲಿ ದಾಖಲೆ ಮುಂದಿಟ್ಟರು.

ಇದರಲ್ಲಿ ಸಣ್ಣ ಸಮುದಾಯಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಎಣಿಕೆ ತೀರಾ ಚಿಕ್ಕದಾದಾಗ ಅದೇ ಪಟ್ಟಿಯಾಗುತ್ತದೆ. ಬೆಂಗಳೂರಿನ ಒಂದು ವಾರ್ಡಿನಲ್ಲಿ ಸಾವಿರ ಜೈನರಿದ್ದಾರೆ ಎಂದರೆ ಯಾರೆಂದು ತಿಳಿಯದು. ಒಂದು ಹಳ್ಳಿಯಲ್ಲಿ ನಾಲ್ಕೇ ಜೈನ ಮನೆಗಳಿವೆ ಎಂದರೆ ಆ ನಾಲ್ಕು ಮನೆಗಳು ಯಾವುವೆಂದು ಊರಿನ ಯಾರನ್ನು ಕೇಳಿದರೂ ಗೊತ್ತಾಗುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಆದದ್ದು ಇನ್ನೂ ಘೋರ. ಅಲ್ಲಿನ ಆಡಳಿತ ಯುದ್ಧಕ್ಕೆ ಮುಂಚೆಯೇ ಅಚ್ಚುಕಟ್ಟಾದ ಜನಸಂಖ್ಯಾ ನೋಂದಣಿ ಪುಸ್ತಕ ಇಟ್ಟಿತ್ತು. ಅದರಲ್ಲಿ ಧರ್ಮದ ಕಾಲಂ ಇತ್ತು. ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ದಿನನಿತ್ಯದ ಆಡಳಿತಕ್ಕಾಗಿ ಇಟ್ಟ ದಾಖಲೆ ಅದು. 1940ರಲ್ಲಿ ಜರ್ಮನಿ ದೇಶವನ್ನು ಆಕ್ರಮಿಸಿತು, ದಾಖಲೆ ಆಕ್ರಮಣಕಾರರ ಕೈಸೇರಿತು. ಅಲ್ಲಿದ್ದ ಸುಮಾರು 1.4 ಲಕ್ಷ ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಹತರಾದರು. ಇದಕ್ಕೆ ಹಲವು ಕಾರಣಗಳಿವೆ, ಸಿದ್ಧವಾಗಿದ್ದ ಪಟ್ಟಿ ಅವುಗಳಲ್ಲಿ ಒಂದು. 1943ರ ಮಾರ್ಚ್‌ನಲ್ಲಿ ಪ್ರತಿರೋಧ ಹೋರಾಟಗಾರರು ಜೀವದ ಹಂಗು ತೊರೆದು ಆಮ್‌ಸ್ಟರ್‌ಡ್ಯಾಂನ ನೋಂದಣಿ ಕಚೇರಿಗೇ ಬೆಂಕಿ ಇಟ್ಟರು. ಆ ಹೊತ್ತಿಗಾಗಲೇ ಸಾವಿರಾರು ಯಹೂದಿಗಳನ್ನು ಸಾಗಿಸಿಯಾಗಿತ್ತು.

ಭಾರತದ ಜೈನರ ಸ್ಥಿತಿಗೂ ಆ ಕಾಲದ ಯುರೋಪಿಗೂ ಹೋಲಿಕೆಯಿಲ್ಲ. ಹಾಗೆ ಹೋಲಿಸುವುದು ಸತ್ತವರಿಗೂ ಬದುಕಿರುವವರಿಗೂ ಅನ್ಯಾಯ. ಅಲ್ಲಿಂದ ತಿಳಿಯಬೇಕಾದದ್ದು ದಾಖಲೆಯ ಸ್ವಭಾವವನ್ನು. ಬರೆದವರ ಉದ್ದೇಶ ಬರೆದವರ ಜೊತೆಗೆ ಹೋಗುತ್ತದೆ, ದಾಖಲೆ ಉಳಿಯುತ್ತದೆ. ಮುಂದೆ ಅದನ್ನು ಕೈಗೆತ್ತಿಕೊಳ್ಳುವವರ ಉದ್ದೇಶವೇ ಅದರ ಉದ್ದೇಶವಾಗುತ್ತದೆ. 'ನಮ್ಮದು ಶಾಂತಿಪ್ರಿಯ ಸಮಾಜ, ಮುಚ್ಚಿಡಲು ಏನಿದೆ' ಎಂಬ ಮಾತಿಗೆ ಉತ್ತರ ಇಲ್ಲಿದೆ. ನೋಂದಣಿ ಪುಸ್ತಕದಲ್ಲಿ ಧರ್ಮ ಬರೆಸಿದ ಡಚ್ ಕುಟುಂಬಗಳಿಗೂ ಅಂದು ಮುಚ್ಚಿಡಲು ಏನೂ ಇರಲಿಲ್ಲ.

ಜಾಲ ಪಟ್ಟಿ ಮಾಡುವ ಬಗೆ

ಅಂದು ಪಟ್ಟಿ ಮಾಡಲು ಸರ್ಕಾರವೇ ಬೇಕಿತ್ತು. ಇಂದು ಬೇಕಿಲ್ಲ. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ಅಮೆರಿಕದ ರಹಸ್ಯ ದಾಖಲೆಗಳಲ್ಲಿ 'ಪ್ರಿಸಂ' ಎಂಬ ಕಾರ್ಯಕ್ರಮದ ವಿವರವಿತ್ತು. ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಆ್ಯಪಲ್ ಸೇರಿ 9 ಕಂಪನಿಗಳಿಂದ ಅಲ್ಲಿನ ಗುಪ್ತಚರ ಸಂಸ್ಥೆ ಬಳಕೆದಾರರ ಮಾಹಿತಿ ಪಡೆಯುತ್ತಿತ್ತು. ಜನ ಆ ಮಾಹಿತಿಯನ್ನು ಕೊಟ್ಟದ್ದು ಸರ್ಕಾರಕ್ಕಲ್ಲ. ಮಿಂಚಂಚೆ ಕಳಿಸಲು, ಫೋಟೊ ಹಂಚಲು ಕಂಪನಿಗೆ ಕೊಟ್ಟರು. ಕಂಪನಿಯ ಕಣಜ ತುಂಬಿದ ಮೇಲೆ ಸರ್ಕಾರಕ್ಕೆ ಬೇರೆ ಕಣಜ ಕಟ್ಟುವ ಅಗತ್ಯ ಬೀಳಲಿಲ್ಲ.

ಜಾಲದ ಇನ್ನೊಂದು ಗುಣ, ಒಬ್ಬರ ಒಪ್ಪಿಗೆಯಲ್ಲಿ ಹಲವರ ಮಾಹಿತಿ ಹೊರಟುಹೋಗುವುದು. 2018ರಲ್ಲಿ ಬಯಲಾದ ಕೇಂಬ್ರಿಡ್ಜ್ ಅನಾಲಿಟಿಕಾ ಪ್ರಕರಣದಲ್ಲಿ ಫೇಸ್‌ಬುಕ್ ಕಂಪನಿಯೇ ಭಾರತದ ಲೆಕ್ಕ ಕೊಟ್ಟಿತು. ವ್ಯಕ್ತಿತ್ವ ಪರೀಕ್ಷೆಯ ಆ ಆ್ಯಪ್ ಅನ್ನು ಇಲ್ಲಿ ಹಾಕಿಕೊಂಡವರು 335 ಮಂದಿ. ಮಾಹಿತಿ ಹೋಗಿರಬಹುದಾದವರ ಸಂಖ್ಯೆ 5.62 ಲಕ್ಷ. ಉಳಿದವರೆಲ್ಲ ಆ 335 ಜನರ ಸ್ನೇಹಿತರ ಪಟ್ಟಿಯಲ್ಲಿ ಇದ್ದವರು, ಅಷ್ಟೆ. ಅವರನ್ನು ಯಾರೂ ಕೇಳಿರಲಿಲ್ಲ. ಕುಟುಂಬ ಪರಿಚಯ ಪುಸ್ತಕ ನಡೆಯುವುದೂ ಹೀಗೆಯೇ. ಮನೆಯ ಹಿರಿಯರೊಬ್ಬರು ಫಾರ್ಮ್ ತುಂಬುತ್ತಾರೆ. ಸೊಸೆಯ ಹುಟ್ಟಿದ ದಿನ, ಮೊಮ್ಮಗಳ ಕಾಲೇಜು, ವಿದೇಶದಲ್ಲಿರುವ ಮಗನ ಉದ್ಯೋಗ ಎಲ್ಲವೂ ಅವರ ಒಂದು ಸಹಿಯಲ್ಲಿ ಹೊರಗೆ ಬರುತ್ತವೆ.

ಧರ್ಮದ ನಿತ್ಯಕರ್ಮಕ್ಕೆ ಬಳಸುವ ಆ್ಯಪ್ ಕೂಡ ಇದಕ್ಕೆ ಹೊರತಲ್ಲ. ನಮಾಜಿನ ವೇಳೆ ಮತ್ತು ದಿಕ್ಕು ತೋರಿಸುವ 'ಮುಸ್ಲಿಂ ಪ್ರೊ' ಆ್ಯಪ್ ಜಗತ್ತಿನಾದ್ಯಂತ 9 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿತ್ತು. ಬಳಕೆದಾರರ ಸ್ಥಳದ ಮಾಹಿತಿ ಆ ಆ್ಯಪ್‌ನಿಂದ 'ಎಕ್ಸ್-ಮೋಡ್' ಎಂಬ ಮಾಹಿತಿ ವ್ಯಾಪಾರಿ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು ಎಂದು 2020ರ ನವೆಂಬರ್‌ನಲ್ಲಿ ಪತ್ರಕರ್ತರು ವರದಿ ಮಾಡಿದರು. ಸುದ್ದಿ ಹೊರಬಿದ್ದ ಮೇಲೆ ಆ್ಯಪ್ ಕಂಪನಿ ಆ ಸಂಬಂಧ ಕಡಿದುಕೊಂಡಿತು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸೂಕ್ಷ್ಮ ಸ್ಥಳಗಳ ಮಾಹಿತಿ ಮಾರದಂತೆ ಎಕ್ಸ್-ಮೋಡ್‌ನ ಉತ್ತರಾಧಿಕಾರಿ ಕಂಪನಿಗೆ ನಿರ್ಬಂಧ ಹಾಕಿತು. ಪೂಜಾ ಸ್ಥಳಗಳೂ ಆ ಸೂಕ್ಷ್ಮ ಸ್ಥಳಗಳ ಸಾಲಿನಲ್ಲಿವೆ. ಮೊಬೈಲ್ ಗೋಪುರಗಳ ಮೂಲಕ ವ್ಯಕ್ತಿಯ ಓಡಾಟದ ದಾಖಲೆ ಪಡೆಯಲು ಸಾಮಾನ್ಯವಾಗಿ ನ್ಯಾಯಾಧೀಶರ ವಾರಂಟ್ ಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲೇ ತೀರ್ಪು ಕೊಟ್ಟಿತ್ತು. ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವವರಿಗೆ ವಾರಂಟಿನ ಗೋಜೇ ಬರಲಿಲ್ಲ. ಪಂಚಾಂಗ, ತೀರ್ಥಕ್ಷೇತ್ರ, ಚೌವಿಹಾರ, ನವಕಾರಸಿಯ ವೇಳೆ ತೋರಿಸುವ ಯಾವುದೇ ಆ್ಯಪ್ ಫೋನಿನ ಸ್ಥಳದ ಅನುಮತಿ ಕೇಳಿದಾಗ ಇದು ನೆನಪಿನಲ್ಲಿರಬೇಕು. ಸೂರ್ಯಾಸ್ತದ ವೇಳೆ ತಿಳಿಯಲು ಊರಿನ ಹೆಸರು ಸಾಕು.

ಬಿಡಿಬಿಡಿಯಾಗಿ ನಿರುಪದ್ರವಿ ಎನಿಸುವ ಪಟ್ಟಿಗಳು ಜಾಲದಲ್ಲಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಮತದಾರರ ಪಟ್ಟಿಯಲ್ಲಿ ಹೆಸರು, ಸಂಬಂಧಿಯ ಹೆಸರು, ವಯಸ್ಸು, ಮನೆ ಸಂಖ್ಯೆ ಇದೆ. ಸ್ಮರಣ ಸಂಚಿಕೆಯ ದಾನಿಗಳ ಪುಟದಲ್ಲಿ ಮೊತ್ತವಿದೆ. ಜಾಹೀರಾತಿನಲ್ಲಿ ಅಂಗಡಿಯ ವಿಳಾಸವಿದೆ. ವಧು-ವರರ ಪುಸ್ತಕದಲ್ಲಿ ಗೋತ್ರ, ಜನ್ಮ ಸಮಯ, ವಾರ್ಷಿಕ ಆದಾಯ, ಭಾವಚಿತ್ರ ಇವೆ. ಇವನ್ನೆಲ್ಲ ಹೊಲಿಯುವ ದಾರ ಮೊಬೈಲ್ ಸಂಖ್ಯೆ. ಒಂದೇ ಸಂಖ್ಯೆ ನಾಲ್ಕು ಕಡೆ ಕಂಡರೆ ನಾಲ್ಕು ಪಟ್ಟಿಗಳು ಸೇರಿ ಒಂದು ಮನೆತನದ ಪೂರ್ಣ ಚಿತ್ರವಾಗುತ್ತದೆ. ಹಿಂದೆ ಇದನ್ನು ಹೊಂದಿಸಲು ಒಬ್ಬ ಗುಮಾಸ್ತನಿಗೆ ತಿಂಗಳುಗಳು ಬೇಕಿದ್ದವು. ಈಗ ಕಂಪ್ಯೂಟರಿಗೆ ಕೆಲವು ಕ್ಷಣ ಸಾಕು.

ವಾಟ್ಸ್ಆ್ಯಪ್ ಸಂದೇಶಗಳಿಗೆ ಗೂಢಲಿಪಿಯ ರಕ್ಷಣೆಯಿದೆ, ಒಳಗಿನ ಮಾತು ಕಂಪನಿಗೂ ಕಾಣದು. ಆದರೆ ಗುಂಪಿನ ಹೆಸರು, ಅದರಲ್ಲಿ ಯಾರಿದ್ದಾರೆ ಎಂಬುದು ಬೇರೆ ವಿಷಯ. ಬಹಿರಂಗವಾಗಿ ಹಂಚಿದ ಗುಂಪು ಸೇರ್ಪಡೆಯ ಲಿಂಕ್‌ಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿದ್ದುದು 2020ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂತು. ಅಂಥ ಲಿಂಕ್ ಒತ್ತಿ ಒಳಬಂದ ಅಪರಿಚಿತರಿಗೆ ಸದಸ್ಯರ ಸಂಖ್ಯೆಗಳೆಲ್ಲ ಕಾಣುತ್ತವೆ. ಊರಿನ ಹೆಸರು, 'ಜೈನ ಸಮಾಜ' ಎಂಬ ಶೀರ್ಷಿಕೆ, ಕೆಳಗೆ ನೂರಾರು ಸಂಖ್ಯೆಗಳು ಇದ್ದರೆ ಅದೂ ಒಂದು ಪಟ್ಟಿಯೇ.

ಕಾನೂನು ಎಲ್ಲಿಯವರೆಗೆ ಕಾಯುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ತೀರ್ಪಿನ ಹೆಸರಿನಲ್ಲಿರುವವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಸಲ್ಲಿಸಿದಾಗ ವಯಸ್ಸು 86. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಅವರು ನಿಧನರಾದರು. ಸರ್ಕಾರ ಪ್ರಜೆಯ ಖಾಸಗಿತನಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯಸಮ್ಮತ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪ ಇರಬೇಕು ಎಂಬುದು ಆ ತೀರ್ಪಿನಿಂದ ನೆಲೆಗೊಂಡ ಅಳತೆಗೋಲು.

ಅಳತೆಗೋಲು ಒಳ್ಳೆಯದು, ಅಳೆಯುವವರು ಯಾರು ಎಂಬುದೇ ಪ್ರಶ್ನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಕಂಪ್ಯೂಟರ್ ಮಾಹಿತಿಯನ್ನು ತಡೆದು ನೋಡುವ, ಬಿಡಿಸಿ ಓದುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಈ ಕೆಲಸಕ್ಕೆ 10 ಸಂಸ್ಥೆಗಳನ್ನು ಹೆಸರಿಸಿತು. ಸಾಮಾನ್ಯವಾಗಿ ಇಂಥ ಆದೇಶ ಹೊರಡಿಸುವವರು ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಪರಿಶೀಲಿಸುವುದು ಸಂಪುಟ ಕಾರ್ಯದರ್ಶಿ ಅಥವಾ ಮುಖ್ಯ ಕಾರ್ಯದರ್ಶಿ ನೇತೃತ್ವದ ಅಧಿಕಾರಿಗಳ ಸಮಿತಿ. ಕೇಳುವವರು, ಒಪ್ಪುವವರು, ಪರಿಶೀಲಿಸುವವರು ಎಲ್ಲರೂ ಕಾರ್ಯಾಂಗದವರೇ. ನಡುವೆ ನ್ಯಾಯಾಧೀಶರಿಲ್ಲ. ಭಯೋತ್ಪಾದನೆ, ಸೈಬರ್ ವಂಚನೆ, ಮಕ್ಕಳ ಕಳ್ಳಸಾಗಣೆಯ ತನಿಖೆಗೆ ಈ ಅಧಿಕಾರ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬಳಕೆ ಸರಿಯಾಗಿತ್ತೇ ಎಂದು ನೋಡಲು ಹೊರಗಿನ ಕಣ್ಣು ಇಲ್ಲದಿರುವುದು ಕೊರತೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ, ಸುರಕ್ಷತೆ ಮುಂತಾದ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಆ ನಿಯಮಗಳು ಇಟ್ಟ ಅವಧಿ 18 ತಿಂಗಳು. ಸಮಾಜದ ಪಟ್ಟಿಗಳ ದೃಷ್ಟಿಯಿಂದ ಈ ಕಾಯ್ದೆಯಲ್ಲಿ ನಾಲ್ಕು ಅಂಶಗಳು ಮುಖ್ಯ.

ಒಂದು, ಧರ್ಮಕ್ಕೆ ವಿಶೇಷ ರಕ್ಷಣೆ ಇಲ್ಲ. ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯ 2018ರ ಕರಡು ಮತ್ತು 2019ರ ಮಸೂದೆ ಧಾರ್ಮಿಕ ನಂಬಿಕೆ, ಜಾತಿಗಳ ವಿವರವನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿ ಗುರುತಿಸಿದ್ದವು. ಯುರೋಪಿನ ಕಾನೂನಿನಲ್ಲಿ ಇಂದಿಗೂ ಹಾಗಿದೆ. 2023ರ ಕಾಯ್ದೆ ಆ ವರ್ಗವನ್ನೇ ಕೈಬಿಟ್ಟಿದೆ.

ಎರಡು, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗೆ ಕೇಂದ್ರ ಸರ್ಕಾರ ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ 17ನೇ ಕಲಂನಡಿ ಕಾಯ್ದೆ ಅನ್ವಯಿಸುವುದಿಲ್ಲ.

ಮೂರು, ಮಾಹಿತಿ ಇಟ್ಟುಕೊಂಡ ಯಾವುದೇ ಸಂಸ್ಥೆಯಿಂದ ಕಾಯ್ದೆಯ ಉದ್ದೇಶಗಳಿಗಾಗಿ ವಿವರ ಕೇಳುವ ಅಧಿಕಾರವನ್ನು 36ನೇ ಕಲಂ ಕೇಂದ್ರಕ್ಕೆ ಕೊಡುತ್ತದೆ.

ನಾಲ್ಕು, ವ್ಯಕ್ತಿ ತಾನೇ ಬಹಿರಂಗಪಡಿಸಿದ ಮಾಹಿತಿ ಈ ಕಾಯ್ದೆಯ ವ್ಯಾಪ್ತಿಯಿಂದ ಹೊರಗೆ. ಮಗಳ ವಿವಾಹಕ್ಕೆಂದು ಬಯೊಡೇಟಾವನ್ನು ಯಾರು ಬೇಕಾದರೂ ನೋಡುವಂತೆ ಆಕೆಯೇ ಜಾಲದಲ್ಲಿ ಹಾಕಿದರೆ ಅದನ್ನು ಎತ್ತಿಕೊಂಡವರನ್ನು ಈ ಕಾಯ್ದೆಯಡಿ ಪ್ರಶ್ನಿಸುವುದು ಕಷ್ಟ.

ಸರ್ಕಾರಕ್ಕೆ ಬಾಗಿಲು ಅಗಲವಾಗಿರುವ ಇದೇ ಕಾಯ್ದೆ ಸಂಘ ಸಂಸ್ಥೆಗಳ ಮೇಲೆ ಮಾತ್ರ ಭಾರ ಹೊರಿಸುತ್ತದೆ. ಮನೆಯ ಸ್ವಂತ ಬಳಕೆಯ ಫೋನ್ ಪುಸ್ತಕಕ್ಕೆ ಕಾಯ್ದೆ ಅನ್ವಯಿಸದು. ಬಸದಿಯ ಟ್ರಸ್ಟ್, ಯುವಕ ಮಂಡಳಿ, ಮಹಿಳಾ ಸಮಾಜ, ವಧು-ವರರ ಸಮಿತಿ ಡಿಜಿಟಲ್ ರೂಪದಲ್ಲಿ ಪಟ್ಟಿ ಇಟ್ಟರೆ ಅನ್ವಯಿಸುತ್ತದೆ. ಏಕೆ ಕೇಳುತ್ತಿದ್ದೇವೆ ಎಂದು ತಿಳಿಸಬೇಕು, ಆ ಸೂಚನೆ ಕನ್ನಡದಲ್ಲೂ ಸಿಗಬೇಕು. ಅಗತ್ಯವಿದ್ದಷ್ಟೇ ಕೇಳಬೇಕು. 18 ವರ್ಷದೊಳಗಿನವರ ವಿವರಕ್ಕೆ ತಂದೆ ತಾಯಿಯ ಒಪ್ಪಿಗೆ ಖಚಿತಪಡಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅಳಿಸಬೇಕು. ಸೋರಿಕೆಯಾದರೆ ಸಂಬಂಧಪಟ್ಟವರಿಗೂ ಮಂಡಳಿಗೂ ತಿಳಿಸಬೇಕು. ಸುರಕ್ಷತೆಯಲ್ಲಿ ಲೋಪವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಪರಿಗ್ರಹ ಪರಿಮಾಣ ಪಟ್ಟಿಗೂ ಬೇಕು

ಈ ಕರ್ತವ್ಯಗಳು ಶ್ರಾವಕರಿಗೆ ಹೊಸ ಭಾಷೆಯಲ್ಲಿ ಬಂದ ಹಳೆಯ ಪಾಠ. ಪರಿಗ್ರಹ ಪರಿಮಾಣ ಎಂದರೆ ಇಷ್ಟು ಸಾಕು ಎಂದು ಮೊದಲೇ ಗೆರೆ ಹಾಕಿಕೊಳ್ಳುವುದು. ಅಚೌರ್ಯದ ತಿರುಳು ಕೊಡದೆ ಇದ್ದುದನ್ನು ತೆಗೆದುಕೊಳ್ಳದಿರುವುದು. ಶಿಬಿರದ ಊಟದ ಲೆಕ್ಕಕ್ಕೆಂದು ಪಡೆದ ಸಂಖ್ಯೆಯನ್ನು ಚಂದಾ ಕೇಳಲು ಬಳಸಿದರೆ, ಆ ಬಳಕೆಗೆ ಅದು ಕೊಟ್ಟದ್ದಲ್ಲ. ಪ್ರಯೋಜನವಿಲ್ಲದ ಕೆಲಸದಿಂದ ಇತರರಿಗೆ ತೊಂದರೆ ಮಾಡುವುದು ಅನರ್ಥದಂಡ. ಯೋಚಿಸದೆ ಮುಂದೂಡುವ ಪಿಡಿಎಫ್‌ಗಳಿಗೂ ಆ ಮಾತು ಸಲ್ಲುತ್ತದೆ. ಮುನಿಗಳು ವಸ್ತುವನ್ನು ಎತ್ತುವಾಗ, ಇಡುವಾಗ, ತ್ಯಜಿಸುವಾಗ ಪಾಲಿಸುವ ಸಮಿತಿಗಳಲ್ಲಿ ಈ ಮೂರೂ ಹಂತಗಳಿಗೆ ಎಚ್ಚರ ಹೇಳಿದೆ. ಮಾಹಿತಿಯ ವಿಷಯದಲ್ಲಿ ಸಂಸ್ಥೆಗಳು ಎತ್ತುವುದನ್ನು ಮಾತ್ರ ಕಲಿತಿವೆ, ತ್ಯಜಿಸುವುದನ್ನು ಕಲಿತಿಲ್ಲ. ಎಂದೋ ಮುಗಿದ ಸಮಾವೇಶಗಳ ನೋಂದಣಿ ಹಾಳೆಗಳು ಯಾವುದೋ ಸ್ವಯಂಸೇವಕರ ಗೂಗಲ್ ಖಾತೆಯಲ್ಲಿ, 'ಲಿಂಕ್ ಇದ್ದವರೆಲ್ಲ ನೋಡಬಹುದು' ಎಂಬ ಸ್ಥಿತಿಯಲ್ಲೇ ಉಳಿದುಬಿಡುವುದು ಇದರಿಂದಲೇ.

ಪಟ್ಟಿಗಳಿಂದ ಉಪಕಾರವೂ ಇದೆ. ಚದುರಿ ಬದುಕುವ ಸಣ್ಣ ಸಮಾಜಕ್ಕೆ ಸಂಬಂಧ ಕೂಡಿಸಲು, ಒಂಟಿ ಹಿರಿಯರನ್ನು ವಿಚಾರಿಸಲು, ವಿಹಾರದಲ್ಲಿರುವ ಮುನಿಸಂಘದ ಆಹಾರ ವ್ಯವಸ್ಥೆಗೆ, ವಿದ್ಯಾರ್ಥಿವೇತನದ ಕೊನೆಯ ದಿನ ತಿಳಿಸಲು ಸಂಪರ್ಕ ಬೇಕೇ ಬೇಕು. ಪಟ್ಟಿಯನ್ನೇ ಬಿಟ್ಟುಬಿಡಿ ಎನ್ನುವುದು ಪರಿಹಾರವಲ್ಲ. ಗಾತ್ರ, ಜಾಗ, ಆಯುಷ್ಯ ಈ ಮೂರಕ್ಕೆ ಮಿತಿ ಹಾಕುವುದು ಪರಿಹಾರ.

ಪ್ರತಿ ಫಾರ್ಮ್‌ನಲ್ಲಿ ಕೇಳಿರುವ ಒಂದೊಂದು ಕಾಲಂ ಏಕೆ ಬೇಕು ಎಂದು ಸಮಿತಿ ತನ್ನನ್ನೇ ಕೇಳಿಕೊಳ್ಳಬಹುದು. ಶಿಬಿರಕ್ಕೆ ಬರುವ ಮಗುವಿನ ಆಧಾರ್ ಸಂಖ್ಯೆ, ಮನೆಯ ಆದಾಯ ಬೇಕಾಗಿಲ್ಲ. ಹುಟ್ಟಿದ ದಿನದ ಬದಲು ವಯಸ್ಸು ಸಾಕು. ಪರಿಚಯ ಪುಸ್ತಕದಲ್ಲಿ ಹೆಸರು ಮತ್ತು ಊರು ಇರಲಿ, ಮೊಬೈಲ್ ಸಂಖ್ಯೆ ಕಾರ್ಯದರ್ಶಿಯ ಬಳಿ ಇರಲಿ, ಬೇಕಾದವರು ಕೇಳಿ ಪಡೆಯಲಿ. ವಧು-ವರರ ವಿವರವನ್ನು ನೋಂದಾಯಿತ ಕುಟುಂಬಗಳಿಗೆ ಮಾತ್ರ ಕೊಟ್ಟು, ಸಂಬಂಧ ಕೂಡಿದ ಕೂಡಲೇ ತೆಗೆದುಹಾಕುವುದು ಒಳ್ಳೆಯದು. ವಯಸ್ಕರ ವಿವರವನ್ನು ಅವರಿಂದಲೇ ಕೇಳಿ ಪಡೆಯಬೇಕು, ಅದರಲ್ಲೂ ಹೆಣ್ಣುಮಕ್ಕಳ ಭಾವಚಿತ್ರವನ್ನು. ಮುನಿಗಳು, ಆರ್ಯಿಕೆಯರು ಇಂಥ ಹೊತ್ತಿಗೆ ಇಂಥ ರಸ್ತೆಯಲ್ಲಿ ಇರುತ್ತಾರೆ ಎಂಬ ವಿವರ ವ್ಯವಸ್ಥೆ ಮಾಡುವವರ ಸಣ್ಣ ಗುಂಪಿನಲ್ಲಿದ್ದರೆ ಸಾಕು, ಬಹಿರಂಗ ಪುಟದಲ್ಲಿ ಬೇಡ. ಕಾರ್ಯಕ್ರಮ ಮುಗಿದು ಲೆಕ್ಕಪತ್ರ ಒಪ್ಪಿಸುವ ದಿನವೇ ನೋಂದಣಿ ಹಾಳೆಯನ್ನೂ ಅಳಿಸಿ, ಸಭೆಯ ನಡಾವಳಿಯಲ್ಲಿ ಬರೆಯುವ ರೂಢಿ ಬಂದರೆ ಅರ್ಧ ಅಪಾಯ ಕಡಿಮೆಯಾಗುತ್ತದೆ.

ಇಲಾಖೆಯವರು ಬಂದು ಸಮಾಜದ ಪಟ್ಟಿ ಕೇಳಿದರೆ ಏನು ಮಾಡಬೇಕು ಎಂಬುದನ್ನೂ ಟ್ರಸ್ಟ್‌ಗಳು ಮೊದಲೇ ತೀರ್ಮಾನಿಸಿಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂನಡಿ ತನಿಖೆಗೆ ಬೇಕಾದ ದಾಖಲೆಯನ್ನು ಹಾಜರುಪಡಿಸುವಂತೆ ಠಾಣಾಧಿಕಾರಿ ಲಿಖಿತ ಆದೇಶ ಕೊಡಬಹುದು. ಅಂಥ ಆದೇಶ ಬಂದರೆ ಸಹಕರಿಸುವುದು ಕರ್ತವ್ಯ. ಬಾಯಿಮಾತಿನಲ್ಲಿ ಕೇಳಿದಾಗ ಅರ್ಚಕರೋ ಗುಮಾಸ್ತರೋ ಇಡೀ ಪಟ್ಟಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡುವುದು ಸಹಕಾರವಲ್ಲ. ಯಾವ ಕಲಂ, ಯಾವ ಪ್ರಕರಣ, ಎಷ್ಟು ವಿವರ ಎಂದು ವಿನಯದಿಂದ ಕೇಳಿ, ಲಿಖಿತವಾಗಿ ಪಡೆದು, ಅಷ್ಟನ್ನೇ ಕೊಟ್ಟು, ಕೊಟ್ಟದ್ದನ್ನು ದಾಖಲಿಸಿಡಬೇಕು. ಇದರಿಂದ ಅಧಿಕಾರಿಗೂ ತೊಂದರೆಯಿಲ್ಲ, ಟ್ರಸ್ಟಿಗೂ ರಕ್ಷಣೆ.

ಜನಗಣತಿಯಲ್ಲಿ ಧರ್ಮ ಬರೆಸಲು ಹಿಂಜರಿಯುವ ಕಾರಣ ಇವುಗಳಲ್ಲಿ ಯಾವುದೂ ಅಲ್ಲ. ಎಣಿಕೆಯಿಂದ ಹೊರಗುಳಿದ ಸಣ್ಣ ಸಮುದಾಯ ಯೋಜನೆಗಳಿಂದಲೂ ಹೊರಗುಳಿಯುತ್ತದೆ. ಗಣತಿದಾರರ ಗುರುತಿನ ಚೀಟಿ ನೋಡಿ, ಧರ್ಮದ ಕಾಲಂನಲ್ಲಿ 'ಜೈನ' ಎಂದು ಹೇಳಿ, ಹಾಗೆಯೇ ದಾಖಲಾಯಿತೇ ಎಂದು ಕೇಳಿ ತಿಳಿದುಕೊಳ್ಳಬೇಕು. ತಾವೇ ತುಂಬುವವರು ಸರ್ಕಾರದ ಅಧಿಕೃತ ಜಾಲತಾಣದಲ್ಲೇ ತುಂಬಬೇಕು. 'ಜನಗಣತಿಗಾಗಿ ಸಮಾಜದ ಮಾಹಿತಿ' ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬರುವ ಫಾರ್ಮ್‌ಗೆ 1948ರ ಕಾಯ್ದೆಯ ರಕ್ಷಣೆಯಿಲ್ಲ, ಅದು ಬೇರೆಯೇ ಪಟ್ಟಿ. ಅದನ್ನು ತುಂಬುವ ಮುನ್ನ ಯಾರು ಕೇಳುತ್ತಿದ್ದಾರೆ, ಎಲ್ಲಿ ಇಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂದು ಕಳಿಸಿದವರನ್ನೇ ಕೇಳಬೇಕು. ಉತ್ತರ ಬರುವವರೆಗೆ ಫಾರ್ಮ್ ಖಾಲಿ ಇದ್ದರೆ ನಷ್ಟವೇನೂ ಇಲ್ಲ.